ಸೈಲೆನ್ಸರ್ ಪೈಪಿನ ಮೂರು ನಟ್ಟುಗಳು

ಹಡಗು ಹತ್ತಬೇಕಾಗಿದ್ದ ಮನುಷ್ಯನನ್ನು ಮೂರೇ ಮೂರು ನಟ್ಟುಗಳಿಂದ ಎಂಟು ದಿನ ಕಟ್ಟಿಹಾಕಿದವರನ್ನು ನೀವು ನೋಡಿದ್ದೀರಾ? ನೋಡಿರಲಾರಿರಿ. ಹಾಗಾದರೆ ಈಗ ಸರಿಯಾಗಿ ನೋಡಿಕೊಳ್ಳಿ. ಹೆಸರು ಶುಕ್ರಿ, ಊರು ಜರ್ಜೀಸ್, ಈಗ ಕೆಲಸ ಸ್ಫಾಕ್ಸ್‌ನ ಒಂದು ಗ್ಯಾರೇಜಿನಲ್ಲಿ. ಇಲ್ಲಿ ಬಂದು ಯಾರನ್ನಾದರೂ ಕೇಳಿ, ಟೈರಿಗೆ ಗಾಳಿ ಹಾಕುವ ಮುದುಕನಿಂದ ಹಿಡಿದು ಮಾಲೀಕರ ತನಕ ಎಲ್ಲರಿಗೂ ನನ್ನ ಕಥೆ ಗೊತ್ತು. ಮಧ್ಯಾಹ್ನ ರೊಟ್ಟಿಗೆ ಹರೀಸಾ ಖಾರ ಹಚ್ಚಿಕೊಂಡು ಕೂತರೆ ಸಾಕು, ಶುಕ್ರಿ, ನಿಮ್ಮಪ್ಪನ್ನ ಹಿಡಿದಿಟ್ಟ ಕಥೆ ಹೇಳೋ ಎಂದು ಶುರು ಮಾಡುತ್ತಾರೆ. ನಾನೂ ಒಂದೆರಡು ಸಲ ಬೇಡ ಬೇಡ ಎಂದು ಬೆಲೆ ಏರಿಸಿಕೊಂಡು ಆಮೇಲೆ ಹೇಳುತ್ತೇನೆ.

ನನ್ನ ಕೈ ಎಂಥದ್ದು ಎಂದು ಮೊದಲು ತಿಳಿದುಕೊಳ್ಳಿ. ಹದಿನೇಳನೇ ವಯಸ್ಸಿಗೇ ನಮ್ಮೂರಿನ ಪೋಸ್ಟ್‌ಮ್ಯಾನ್ ಮೊಪೆಡ್ಡಿನ ಬ್ರೇಕಿಗೆ ಹಾರ್ನಿನ ವೈರು ಸೇರಿಸಿದವನು ನಾನು. ಅವನು ಯಾರ ಮನೆ ಮುಂದೆ ನಿಲ್ಲಿಸಿದರೂ ಬೀದಿಗೆಲ್ಲ ಸುದ್ದಿಯಾಗುತ್ತಿತ್ತು. ಮೂರು ವಾರ ಅವನಿಗೆ ಕಾರಣವೇ ತಿಳಿಯಲಿಲ್ಲ. ನಾಲ್ಕನೇ ವಾರ ತಿಳಿಯಿತು, ಅದನ್ನು ನಾನು ಸಾಮಾನ್ಯವಾಗಿ ಹೇಳುವುದಿಲ್ಲ. ಇನ್ನು ಮಾತು. ಅಪ್ಪ ವರ್ಷಕ್ಕೆ ಹನ್ನೊಂದು ತಿಂಗಳು ಇರದ ಮನೆಯಲ್ಲಿ ಗಂಡಸಿನ ಹಾಗೆ ಮಾತಾಡುವುದನ್ನು ನಾನು ಕಲಿತದ್ದು ಕೈರೋದಿಂದ ಬರುತ್ತಿದ್ದ ಸಿನಿಮಾ ಕ್ಯಾಸೆಟ್ಟುಗಳಿಂದ. ನಾಯಕ ಮೆಟ್ಟಿಲ ಮೇಲೆ ನಿಂತು, ಕೋಟು ಹೆಗಲಿಗೆ ಹಾಕಿಕೊಂಡು, ಅರ್ಧ ತಿರುಗಿ ಒಂದು ಮಾತು ಎಸೆದು ಹೋಗುತ್ತಾನಲ್ಲ, ಹಾಗೆ ನಾನು ಬೇಕರಿಯಲ್ಲಿ ರೊಟ್ಟಿ ಕೇಳುತ್ತಿದ್ದೆ.

ಅಪ್ಪನ ಹೆಸರು ಸಾದಿಕ್. ಫ್ರಾನ್ಸಿನಲ್ಲಿ ಒಂದು ಬಸ್ ಡಿಪೊದಲ್ಲಿ ಬಸ್ಸು ತೊಳೆಯುವ ಕೆಲಸ. ಪ್ರತಿ ವರ್ಷ ಆಗಸ್ಟಿನಲ್ಲಿ ಉದ್ದನೆಯ ಬಿಳಿ ಕಾರಿನ ಮೇಲೆ ಸೈಕಲ್ಲು, ಹಾಸಿಗೆ, ಕಂಬಳಿ, ಒಮ್ಮೆ ಒಂದು ಇಡೀ ಕಿಟಕಿ ಕಟ್ಟಿಕೊಂಡು ಬರುತ್ತಿದ್ದ. ಮೂವತ್ತು ದಿನ ಇರುತ್ತಿದ್ದ. ಮೊದಲ ಹತ್ತು ದಿನ ನೆಂಟರ ಮನೆಗಳಿಗೆ, ಮುಂದಿನ ಹತ್ತು ದಿನ ಮದುವೆಗಳಿಗೆ, ಕೊನೆಯ ಹತ್ತು ದಿನ ಹೊರಡುವ ತಯಾರಿಗೆ. ನನ್ನ ಪಾಲಿಗೆ ಬರುತ್ತಿದ್ದದ್ದು ಕಾರಿನ ಪಕ್ಕದ ಸೀಟು ಮಾತ್ರ, ಅದೂ ಅಮ್ಮ ಬರದ ದಿನ.

ಆ ಸೀಟಿನಲ್ಲೂ ಒಬ್ಬ ಮೊದಲೇ ಕೂತಿರುತ್ತಿದ್ದ. ಅವನ ಹೆಸರು ರುಯಿ. ನಾನು ಅವನನ್ನು ಕಣ್ಣಾರೆ ಕಂಡಿಲ್ಲ. ಡಿಪೊದ ಮೆಕ್ಯಾನಿಕ್ಕು, ಪೋರ್ಚುಗಲ್ಲಿನ ಹುಡುಗ, ನನಗಿಂತ ಒಂದು ವರ್ಷ ದೊಡ್ಡವನು. ರುಯಿ ಸದ್ದು ಕೇಳಿಯೇ ಬಸ್ಸಿನ ಕಾಯಿಲೆ ಹೇಳುತ್ತಾನಂತೆ. ರುಯಿ ಬೆಳಿಗ್ಗೆ ಅಪ್ಪನಿಗೆ ಕಾಫಿ ತಂದುಕೊಡುತ್ತಾನಂತೆ. ಹಿಮ ಬಿದ್ದ ದಿನ ರುಯಿ ಅಪ್ಪನನ್ನು ಮನೆ ತನಕ ಬಿಟ್ಟುಬರುತ್ತಾನಂತೆ. ಒಂದು ಮಧ್ಯಾಹ್ನ ಅಪ್ಪ ನನ್ನನ್ನು ಕರೆಯಲು ಹೋಗಿ ರುಯಿ ಎಂದುಬಿಟ್ಟ. ತಕ್ಷಣ ನಕ್ಕ, ನಾನೂ ನಕ್ಕೆ. ಆ ದಿನ ನಾನು ಮೂರು ಸಿನಿಮಾ ನೋಡಿದೆ, ಯಾವುದೂ ನೆನಪಿಲ್ಲ.

ನನ್ನ ಆಸೆ ದೊಡ್ಡದೇನಲ್ಲ. ಮೂವತ್ತೊಂದನೇ ದಿನ ಎಂಬುದು ಹೇಗಿರುತ್ತದೆ ಎಂದು ನೋಡಬೇಕಿತ್ತು. ಸೂಟ್‌ಕೇಸು ಕಟ್ಟಿರದ, ನೆಂಟರು ಮುಗಿದ, ಮದುವೆಗಳು ಮುಗಿದ ಒಂದು ದಿನ. ಆಗ ಅಪ್ಪ ಏನು ಮಾಡುತ್ತಾನೆ, ಎಲ್ಲಿ ಕೂರುತ್ತಾನೆ, ಯಾವುದಕ್ಕೆ ಸಿಟ್ಟಾಗುತ್ತಾನೆ.

ನನಗೆ ಇಪ್ಪತ್ತು ವರ್ಷ ತುಂಬಿದ ಆ ಆಗಸ್ಟಿನಲ್ಲಿ ಕಾರೇ ನನ್ನ ಪಕ್ಷ ವಹಿಸಿತು. ಸೋಮವಾರ ಮದುವೆಯೊಂದರಿಂದ ವಾಪಸು ಬರುವಾಗ ಒಣಗಿದ ಹಳ್ಳದ ದಾರಿಯಲ್ಲಿ ಕಾರಿನ ಹೊಟ್ಟೆ ಕಲ್ಲಿಗೆ ಬಡಿಯಿತು. ಸೈಲೆನ್ಸರಿನ ಮುಂದಿನ ಪೈಪು, ಎಂಜಿನ್ನಿಗೆ ಅಂಟಿಕೊಂಡಿರುತ್ತದಲ್ಲ, ಅದು ಉದ್ದಕ್ಕೆ ಸೀಳಿಹೋಯಿತು. ಮನೆ ತಲುಪುವಷ್ಟರಲ್ಲಿ ಇಡೀ ಜರ್ಜೀಸಿಗೆ ಸಾದಿಕ್ ಬಂದನೆಂದು ಗೊತ್ತಾಗಿತ್ತು. ಒಳಗೆ ಹೊಗೆ ಬೇರೆ, ಅಮ್ಮ ಕೆಮ್ಮುತ್ತ ಇಳಿದಳು.

ಶುಕ್ರವಾರ ರಾಜಧಾನಿ ತೂನಿಸ್‌ನ ಬಂದರಿನಿಂದ ಫ್ರಾನ್ಸಿಗೆ ಹಡಗು. ಐನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಗುರುವಾರ ಬೆಳಿಗ್ಗೆ ಹೊರಡದಿದ್ದರೆ ಆಗದು, ಮುಂದಿನ ಹಡಗಿನಲ್ಲಿ ಜಾಗ ಸಿಕ್ಕುವುದು ಇನ್ನೊಂದು ಶುಕ್ರವಾರಕ್ಕೇ. ಕಾರು ಬಿಟ್ಟು ಹೋಗುವಂತೆಯೂ ಇಲ್ಲ. ಹೊರದೇಶದ ನಂಬರಿನ ಕಾರು ತಂದವನ ಪಾಸ್‌ಪೋರ್ಟಿನಲ್ಲಿ ಕಸ್ಟಮ್ಸಿನವರು ಕಾರಿನ ಮುದ್ರೆ ಒತ್ತಿರುತ್ತಾರೆ. ಕಾರಿನ ಜೊತೆ ಬಂದವನು ಕಾರಿನ ಜೊತೆಯೇ ಹೋಗಬೇಕು. ಕಾರು ನಿಂತರೆ ಅಪ್ಪ ನಿಂತ.

ಊರಿನ ಕಾರ್ ಮೆಕ್ಯಾನಿಕ್ಕು ಉಸ್ತಾ ಖಮೈಸ್. ಕೈಕಸುಬಿನಲ್ಲಿ ಪಳಗಿದವರನ್ನು ನಮ್ಮಲ್ಲಿ ಉಸ್ತಾ ಎನ್ನುತ್ತಾರೆ, ಸುಮ್ಮಸುಮ್ಮನೆ ಯಾರಿಗೂ ಅನ್ನುವುದಿಲ್ಲ. ನಾನು ಕೆಲಸ ಮಾಡುತ್ತಿದ್ದದ್ದು ಅವರ ಅಂಗಡಿಯಲ್ಲೇ, ಮೊಪೆಡ್ಡು ವಿಭಾಗದ ಏಕೈಕ ಚಕ್ರವರ್ತಿಯಾಗಿ. ಅವರು ಮಗಳ ಮದುವೆಗೆಂದು ಶಟರ್ ಎಳೆದು, ಬೀಗದ ಕೈ ಜೇಬಿಗೆ ಹಾಕಿಕೊಂಡು ಗಾಬೆಸ್ಸಿಗೆ ಹೋಗಿದ್ದರು. ವಾರದ ಮೇಲೆ ಬರುತ್ತಿದ್ದರು. ಹಾಗಾಗಿ ಕೆಲಸ ಮನೆಯ ಅಂಗಳದಲ್ಲೇ ಆಗಬೇಕಿತ್ತು, ನನ್ನ ಕೈಯಲ್ಲೇ. ಗುಜರಿಯವನ ಹತ್ತಿರ ಅಂಥದ್ದೇ ಪೈಪು ಸಿಕ್ಕಿತು, ಗ್ಯಾಸ್ಕೆಟ್ಟೂ ಸಿಕ್ಕಿತು. ಹಳೆ ಪೈಪು ಬಿಚ್ಚಿದರೆ ಅರ್ಧ ಗಂಟೆಯ ಕೆಲಸ. ಹಳೆ ಪೈಪು ಬಿಚ್ಚಬೇಕೆಂದರೆ ಮೂರು ನಟ್ಟು ತಿರುಗಬೇಕು.

ಅಪ್ಪ ನನ್ನ ಮುಖ ನೋಡಿ ಕೇಳಿದ:

"ಗುರುವಾರ ಬೆಳಿಗ್ಗೆ ಹೊರಡ್ಬೇಕು ಮಗಾ. ಆಗುತ್ತಾ?"

"ಬಾಬಾ, ಈ ಕೈ ಸ್ಪ್ಯಾನರ್ ಹಿಡಿದ್ರೆ ಕಬ್ಬಿಣ ತಾನಾಗೇ ತಪ್ಪೊಪ್ಕೊಳ್ಳುತ್ತೆ."

"ಸಿನಿಮಾ ಸಾಕು. ಆಗುತ್ತೋ ಇಲ್ವೋ ಅಷ್ಟು ಹೇಳು."

ನೋಡೋಣ ಎಂದೆ. ಕಾರನ್ನು ಜಾಕಿಯಿಂದ ಎತ್ತಿ, ನಾಲ್ಕು ಕಡೆ ಸುಣ್ಣದ ಕಲ್ಲಿನ ಇಟ್ಟಿಗೆ ಕೊಟ್ಟು, ಕೆಳಗೆ ಕಂಬಳಿ ಹಾಸಿ ಒಳಗೆ ತೂರಿದೆ. ಸಮುದ್ರದ ಪಕ್ಕದ ಊರು ನಮ್ಮದು, ಗಾಳಿಯಲ್ಲೇ ಉಪ್ಪು. ಫ್ರಾನ್ಸಿನಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೂ ಉಪ್ಪು ಚೆಲ್ಲುತ್ತಾರಂತೆ. ಎರಡು ದೇಶದ ಉಪ್ಪು ತಿಂದ ನಟ್ಟುಗಳು ಅವು. ನಟ್ಟು ಯಾವುದು, ಅದು ಕೂತ ಸ್ಟಡ್ಡು ಯಾವುದು ಎಂದು ಬೇರೆ ಮಾಡಿ ಹೇಳಲಾಗದ ಹಾಗೆ ತುಕ್ಕು ಎರಡನ್ನೂ ಒಂದು ಮಾಡಿತ್ತು. ನಾನು ಸಿನಿಮಾದ ಪೊಲೀಸ್ ಅಧಿಕಾರಿಯ ದನಿಯಲ್ಲಿ, ನಿನ್ನ ಜೊತೆಗಾರರೆಲ್ಲ ಬಾಯಿ ಬಿಟ್ಟಾಯ್ತು, ನೀನೊಬ್ಬ ಯಾಕೆ ಹಟ ಮಾಡ್ತೀಯ ಎಂದು ನಟ್ಟಿಗೆ ಹೇಳಿದೆ. ಅಪ್ಪನ ಚಪ್ಪಲಿ ಮಾತ್ರ ಕಾಣುತ್ತಿತ್ತು. ಅದು ನಕ್ಕ ಹಾಗೆ ಸ್ವಲ್ಪ ಅಲುಗಿತು.

ಸ್ಪ್ಯಾನರ್ ಹಾಕಿ ಎಳೆದೆ. ಅಲ್ಲಾಡಲಿಲ್ಲ. ಇಲ್ಲಿ ಸ್ಫಾಕ್ಸಿನ ಗೆಳೆಯರು ನಗಲು ಶುರು ಮಾಡುತ್ತಾರೆ, ಯಾಕೆಂದರೆ ನಾನು ಎಳೆದದ್ದು ಹೇಗೆ ಎಂದು ತೋರಿಸುತ್ತೇನೆ. ಮುಖ ಕೆಂಪಾಗಬೇಕು, ಕುತ್ತಿಗೆಯ ನರ ಉಬ್ಬಬೇಕು, ಬಾಯಿಂದ ಎತ್ತು ಗಾಡಿ ಏರಿಸುವ ಸದ್ದು ಬರಬೇಕು. ತೋಳಿನಲ್ಲಿ ಮಾತ್ರ ಒಂದು ಚೂರೂ ಬಲ ಇರಬಾರದು. ಮಹಾನಟರಿಗೂ ಸುಲಭವಲ್ಲ ಅದು.

ಸೀಮೆಎಣ್ಣೆ ಹಚ್ಚಿ ಬಿಟ್ಟೆವು. ಮಂಗಳವಾರ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅಮ್ಮ ಅಂಗಳಕ್ಕೆ ಬಂದಳು, ಕೈಯಲ್ಲಿ ಕಾಫಿ ಮಾಡುವ ಸಣ್ಣ ಪಾತ್ರೆ. ಅದರ ತುಂಬ ಮನೆಯ ಒಳ್ಳೆಯ ಆಲಿವ್ ಎಣ್ಣೆ. ಜರ್ಜೀಸಿನ ತಾಯಂದಿರಿಗೆ ಆಲಿವ್ ಎಣ್ಣೆಯ ಮೇಲಿರುವ ನಂಬಿಕೆ ಗಂಡಂದಿರ ಮೇಲೆ ಇರುವುದಿಲ್ಲ. ನಾನು ಬೇಡ ಉಮ್ಮಿ, ಇದು ಕಾರು ಎಂದು ಹೇಳಿ ಮುಗಿಸುವ ಮೊದಲೇ ಅವಳು ಮೊಣಕಾಲೂರಿ ಕೂತಾಗಿತ್ತು.

"ನಿನ್ ಕಿವಿ ನೋವು ಯಾವುದ್ರಿಂದ ಹೋಯ್ತು? ಬಾಗಿಲು ಕಿರುಗುಟ್ಟೋದು ಯಾವುದ್ರಿಂದ ನಿಂತೋಯ್ತು? ಈ ಎಣ್ಣೆಗೆ ಬಗ್ಗದೇ ಇರೋರು ನಿಮ್ಮಪ್ಪ ಒಬ್ರೇ."

ಪಾತ್ರೆಯಲ್ಲಿದ್ದಷ್ಟನ್ನೂ ಮೂರು ನಟ್ಟಿನ ಮೇಲೆ ಸುರಿದಳು. ಅಷ್ಟೇ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಅಪ್ಪ ಎದ್ದು ಬಂದವನು, ಬಿಸಿಯಾದರೆ ಎಣ್ಣೆ ಒಳಗೆ ಇಳಿಯುತ್ತದೆ ಎಂದು ಎಂಜಿನ್ ಸ್ಟಾರ್ಟ್ ಮಾಡಿ ಕಾಲು ಗಂಟೆ ಬಿಟ್ಟ. ಅಂಗಳದ ತುಂಬ ಸದ್ದು, ಸದ್ದಿನ ಜೊತೆ ಬಾಣಲೆಯ ವಾಸನೆ. ಪಕ್ಕದ ಮನೆಯ ಝೊಹ್ರಾ ಗೋಡೆಯ ಮೇಲಿಂದ ತಲೆ ಹಾಕಿ, ಯಾರಿಗೆ ಮಗು ಆಯ್ತು, ಏನು ಸಿಹಿ ಕರೀತಿದೀರಿ, ನಮಗೂ ಒಂದು ತಟ್ಟೆ ಕಳಿಸಿ ಎಂದು ಕೇಳಿದಳು. ಅಮ್ಮ ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಬುಧವಾರ ಬೆಳಿಗ್ಗೆ ನಾನು ಕೆಳಗೆ ತೂರಿ ನೋಡಿದರೆ ನಟ್ಟುಗಳ ಮೇಲೆ ಕಂದು ಬಣ್ಣದ ಗಟ್ಟಿ ಹೊಳಪು. ವಾರ್ನಿಶ್ ಹೊಡೆದ ಹಾಗೆ. ಉಗುರಿನಿಂದ ಕೆರೆದರೆ ಉಗುರು ಹೋಯಿತು. ಎಣ್ಣೆ ಬೆಂದು ಅಂಟಾಗಿ, ಅಂಟು ಒಣಗಿ ಕಲ್ಲಾಗಿತ್ತು. ಉಪ್ಪು ಅರ್ಧ ಮಾಡಿದ್ದನ್ನು ಅಮ್ಮ ಪೂರ್ತಿ ಮಾಡಿದ್ದಳು. ನಾನು ಅಲ್ಲಿ ಮಲಗಿಕೊಂಡೇ ಅಮ್ಮನ ಕೈಗೆ ಮನಸ್ಸಿನಲ್ಲೇ ಮುತ್ತು ಕೊಟ್ಟೆ. ಈಗ ನಟಿಸುವ ಕಷ್ಟವೂ ಇರಲಿಲ್ಲ. ನಿಜವಾಗಿ ಎಳೆದರೂ ಅವು ಬರುವಂತಿರಲಿಲ್ಲ.

ಅಪ್ಪ ತಾನೇ ಕಾರಿನ ಕೆಳಗೆ ಬಂದು ಮಲಗಿದ. ಸ್ಪ್ಯಾನರ್ ಹಾಕಿ ಎರಡು ಕೈಯಿಂದ ಎಳೆದ. ಅದು ಜಾರಿ ಮೂರನೇ ನಟ್ಟಿನ ಮೂಲೆ ಸವೆಯಿತು, ಅಪ್ಪನ ಬೆರಳ ಗೆಣ್ಣಿನ ಚರ್ಮ ಹೋಯಿತು. ಅವನು ಬೈಯಲಿಲ್ಲ. ಸ್ವಲ್ಪ ಹೊತ್ತು ಪೈಪನ್ನೇ ನೋಡುತ್ತ ಮಲಗಿದ್ದ. ನಾನು ಅವನ ಪಕ್ಕದಲ್ಲೇ ಮಲಗಿದ್ದೆ, ಭುಜಕ್ಕೆ ಭುಜ ತಾಗುತ್ತಿತ್ತು. ಅವನ ಕುತ್ತಿಗೆಯ ಹಿಂದೆ ಒಂದು ಸುಟ್ಟ ಕಲೆ ಇತ್ತು, ನಾನು ಅದುವರೆಗೆ ನೋಡಿರಲಿಲ್ಲ. ಯಾವಾಗ ಆದದ್ದು ಎಂದು ಕೇಳಿದೆ. ಡಿಪೊದಲ್ಲಿ, ಬಿಸಿನೀರಿನ ಪೈಪು, ನೀನು ಆಗ ಎರಡನೇ ಕ್ಲಾಸು ಎಂದ.

ಊಟದ ಹೊತ್ತಿಗೆ ಅವನು ಟೆಲಿಫೋನ್ ಅಂಗಡಿಗೆ ಹೋಗಿ ಡಿಪೊದ ಮೇಸ್ತ್ರಿಗೆ ಫೋನ್ ಮಾಡಿ ಬಂದ. ಬರುವಾಗ ತೋಳಿನಲ್ಲಿ ಒಂದು ಕಲ್ಲಂಗಡಿ, ಹಸುಗೂಸಿನಷ್ಟು ಭಾರದ್ದು. ನಾಳೆ ಹೋಗುವವನು ಅಷ್ಟು ದೊಡ್ಡ ಕಲ್ಲಂಗಡಿ ತರುವುದಿಲ್ಲ. ನಾನು ಅದನ್ನು ನೋಡಿಯೇ ಅರ್ಥ ಮಾಡಿಕೊಂಡೆ.

"ಮೇಸ್ತ್ರಿ ಒಪ್ಕೊಂಡ. ಒಂದು ವಾರ ತಡ ಆದ್ರೆ ಆಗ್ಲಿ ಅಂದ," ಎಂದು ಅಮ್ಮನಿಗೆ ಹೇಳಿದ. "ನಾಳೆ ಬೆಳಿಗ್ಗೆ ಏಜೆನ್ಸಿಗೆ ಹೋಗಿ ಟಿಕೆಟ್ ಬದಲಾಯಿಸ್ತೀನಿ. ಖಮೈಸ್ ಬಂದ್ಮೇಲೆ ನೋಡ್ಕೊಳ್ಲಿ."

ಅಮ್ಮ ಕಲ್ಲಂಗಡಿಯನ್ನು ನೀರಿನ ತೊಟ್ಟಿಗೆ ಇಳಿಸಿದಳು. ಅವಳು ಹಾಡು ಗುನುಗುತ್ತಿದ್ದಳು, ತನಗೇ ಗೊತ್ತಿಲ್ಲದೆ.

ಹೀಗೆ ನಾನು ಅಪ್ಪನನ್ನು ಹಿಡಿದಿಟ್ಟೆ. ಶುಕ್ರವಾರ ಹಡಗು ಹೋಯಿತು. ಅದು ಹೊರಡುವ ಹೊತ್ತಿಗೆ ಅಪ್ಪ ಕಾಫಿ ಅಂಗಡಿಯ ಹೊರಗೆ ಕೂತು ಇಸ್ಪೀಟು ಆಡುತ್ತಿದ್ದ, ನಾನು ಅವನ ಹಿಂದೆ ನಿಂತು ಎದುರಾಳಿಗಳ ಎಲೆ ಕದ್ದು ನೋಡಿ ಕೆಮ್ಮಿನಲ್ಲಿ ಸನ್ನೆ ಮಾಡುತ್ತಿದ್ದೆ. ಅಪ್ಪ ನಾಲ್ಕು ಆಟ ಗೆದ್ದ. ಇವನು ಯಾರು ಎಂದು ಒಬ್ಬರು ಕೇಳಿದ್ದಕ್ಕೆ ಇವನು ನನ್ನ ಮಗ, ಉಸ್ತಾ ಖಮೈಸ್ ಹತ್ರ ಕೆಲಸ ಎಂದ. ಶನಿವಾರ ಸೋದರಮಾವನ ದೋಣಿಯಲ್ಲಿ ಹೋಗಿ ಆಕ್ಟೋಪಸ್ಸು ಹಿಡಿಯಲು ಇಳಿಬಿಟ್ಟ ಮಣ್ಣಿನ ಗಡಿಗೆಗಳನ್ನು ಎತ್ತಿದೆವು. ಹಗ್ಗ ಎಳೆಯುವಾಗ ಅಪ್ಪನ ಕೈ ಮೆತ್ತಗಾಗಿದೆ ಎಂದು ಮಾವ ಕಿಚಾಯಿಸಿದ. ನಾನು ಎಳೆದೆ, ಅಪ್ಪ ಗಡಿಗೆಯೊಳಗೆ ಇಣುಕಿ ಲೆಕ್ಕ ಹೇಳಿದ. ಭಾನುವಾರ ಅವನು ಮಧ್ಯಾಹ್ನದ ತನಕ ಮಲಗಿದ್ದ, ಬಾಯಿ ತೆರೆದುಕೊಂಡು, ಯಾವ ನೆಂಟರ ಭಯವೂ ಇಲ್ಲದೆ.

ಸೋಮವಾರ ಅಪ್ಪ ಅಮ್ಮ ಜಗಳವಾಡಿದರು. ಇದು ನನಗೆ ಬಹಳ ಇಷ್ಟವಾದ ಭಾಗ. ಮೂವತ್ತು ದಿನದ ಗಂಡ ಹೆಂಡತಿಗೆ ಜಗಳಕ್ಕೆ ಪುರುಸೊತ್ತು ಇರುವುದಿಲ್ಲ, ಒಬ್ಬರಿಗೊಬ್ಬರು ನೆಂಟರ ಹಾಗೆ ನಡೆದುಕೊಳ್ಳುತ್ತಾರೆ. ಹೆಚ್ಚಿಗೆ ಸಿಕ್ಕ ಆ ವಾರದಲ್ಲಿ ಇಬ್ಬರೂ ತೊಟ್ಟಿಯ ಮುಚ್ಚಳದ ವಿಷಯಕ್ಕೆ ಅರ್ಧ ದಿನ ಕಚ್ಚಾಡಿದರು, ಆ ಮುಚ್ಚಳ ಹಾಳಾಗಿ ನಾಲ್ಕು ವರ್ಷ ಆಗಿತ್ತು. ನಾನು ಚಾಪೆಯ ಮೇಲೆ ಮಲಗಿ ರೇಡಿಯೊ ನಾಟಕ ಕೇಳುವವನ ಹಾಗೆ ಕೇಳಿದೆ. ಸಂಜೆ ಅಪ್ಪ ಸೋತು ಮುಚ್ಚಳ ರಿಪೇರಿ ಮಾಡಿದ. ಮಂಗಳವಾರ ಟೀವಿಯಲ್ಲಿ ಸಿನಿಮಾ. ನಾಯಕ ಬಾಯಿ ತೆರೆಯುವ ಮೊದಲೇ ನಾನು ಅವನ ಮಾತು ಹೇಳಿದೆ, ಇಡೀ ಸಿನಿಮಾ ಹಾಗೇ. ಅಪ್ಪ ಟೀವಿ ಬಿಟ್ಟು ನನ್ನ ಕಡೆ ತಿರುಗಿ ಕೂತ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡ. ಇದೆಲ್ಲ ಯಾವಾಗ ಕಲಿತೆ ಎಂದು ಕೇಳಿದ. ಆ ವಾರ ಪೂರ್ತಿ ಅವನು ಒಮ್ಮೆಯೂ ರುಯಿಯ ಹೆಸರು ಎತ್ತಲಿಲ್ಲ.

ಇಲ್ಲಿಗೆ ನಾನು ನಿಲ್ಲಿಸುತ್ತೇನೆ. ಸ್ಫಾಕ್ಸಿನವರು ಬೆನ್ನು ತಟ್ಟುತ್ತಾರೆ, ನೀನು ಬಿಡೋ ಮಹಾ ಕಳ್ಳ ಎನ್ನುತ್ತಾರೆ, ಮತ್ತೆ ಕೆಲಸಕ್ಕೆ ಏಳುತ್ತೇವೆ. ಈ ಕಥೆಯನ್ನು ಜರ್ಜೀಸಿನಲ್ಲಿ ನಾನು ಒಮ್ಮೆಯೂ ಹೇಳಿಲ್ಲ. ಹೇಳುವಂತಿಲ್ಲ. ಅಲ್ಲಿ ಎಲ್ಲರಿಗೂ ಗೊತ್ತು.

ಆ ವಾರ ಬರಲೇ ಇಲ್ಲ.

ಕಲ್ಲಂಗಡಿಯ ತನಕ ಹೇಳಿದ್ದೆಲ್ಲ ನಿಜ. ದೋಣಿ, ಇಸ್ಪೀಟು, ಮುಚ್ಚಳದ ಜಗಳ, ಇವನ್ನೆಲ್ಲ ನಾನು ಕಟ್ಟಿದ್ದು. ಆ ಮುಚ್ಚಳ ಈಗಲೂ ಹಾಳಾಗೇ ಇದೆ. ಬುಧವಾರ ಊಟವಾದ ಮೇಲೆ ನಾನು ಅಂಗಳದಲ್ಲಿ ಸ್ಪ್ಯಾನರ್‌ಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದೆ. ಗೆದ್ದಿದ್ದೆ. ಮುಖ ಮಾತ್ರ ಸೋತವನ ಹಾಗೆ ಇಟ್ಟುಕೊಂಡಿದ್ದೆ, ನಟನೆ ಅರ್ಧಕ್ಕೆ ಬಿಡಬಾರದಲ್ಲ. ಅಪ್ಪ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ನನ್ನ ಮುಖವನ್ನು ನಂಬಿಬಿಟ್ಟ. ಹೆಗಲ ಮೇಲೆ ಕೈ ಇಟ್ಟ, ಗೆಣ್ಣಿಗೆ ಬಟ್ಟೆ ಸುತ್ತಿದ್ದ ಕೈ.

"ಬೇಜಾರು ಮಾಡ್ಕೋಬೇಡ. ಇದು ನಿನ್ ಕೈಲಿ ಆಗೋ ಕೆಲಸ ಅಲ್ಲ," ಎಂದ. "ರುಯಿ ಥರದವರಿಗೇ ಆಗ್ಬೇಕು ಇಂಥದ್ದು. ಅವನಾದ್ರೂ ಚಿಕ್ಕಂದಿನಿಂದ ಅದರಲ್ಲೇ ಬೆಳೆದವನು."

ಹಂಗಿಸಿ ಹೇಳಿದ್ದರೆ ನಾನು ಏನಾದರೂ ತಿರುಗಿ ಹೇಳಿ ನಕ್ಕುಬಿಡುತ್ತಿದ್ದೆ. ಅವನು ಸಮಾಧಾನ ಮಾಡಲು ಹೇಳಿದ. ಪ್ರೀತಿಯಿಂದ ಹೇಳಿದ. ನಾನು ಎದ್ದು ಒಳಗೆ ಹೋದೆ.

ಕಬ್ಬಿಣ ಕಾಯಿಸುವ ಬ್ಲೋ ಲ್ಯಾಂಪ್ ನನ್ನ ಮಂಚದ ಕೆಳಗೇ ಇತ್ತು. ಸೋಮವಾರದಿಂದಲೂ ಇತ್ತು. ನಾನು ಅದನ್ನು ಯಾರಿಗೂ ತೋರಿಸಿರಲಿಲ್ಲ. ಅಡುಗೆಮನೆಯ ಕಪಾಟಿನಿಂದ ಒಂದು ಮೇಣದ ಬತ್ತಿ ತೆಗೆದುಕೊಂಡೆ, ಸಣ್ಣ ಸುತ್ತಿಗೆ, ಒಂದು ಸೈಜು ಚಿಕ್ಕದಾದ ಬಾಕ್ಸ್ ಸ್ಪ್ಯಾನರ್ ತೆಗೆದುಕೊಂಡು ಕಾರಿನ ಕೆಳಗೆ ತೂರಿದೆ. ಬತ್ತಿ ಹಿಡ್ಕೊಳ್ಳಿ ಬಾಬಾ ಎಂದೆ. ಅವನೂ ಬಂದು ಪಕ್ಕದಲ್ಲಿ ಮಲಗಿದ.

ಮೊದಲ ನಟ್ಟಿಗೆ ಬೆಂಕಿ ಹಿಡಿದೆ. ಅಮ್ಮನ ವಾರ್ನಿಶ್ ಸುರುಟಿಕೊಂಡು ಹೊಗೆಯಾಯಿತು. ನಟ್ಟು ಮಂದ ಕೆಂಪಾದ ಮೇಲೆ ಬೆಂಕಿ ತೆಗೆದು ಮೇಣವನ್ನು ಅದರ ಬುಡಕ್ಕೆ ತಾಗಿಸಿದೆ. ಕರಗಿದ ಮೇಣವನ್ನು ಬಿಸಿ ಕಬ್ಬಿಣ ಒಳಗೆ ಎಳೆದುಕೊಳ್ಳುತ್ತದೆ, ಎಣ್ಣೆ ಹೋಗದ ಕಡೆಗೂ ಅದು ಹೋಗುತ್ತದೆ. ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ಬಡಿದೆ. ಆಮೇಲೆ ಸ್ಪ್ಯಾನರ್ ಹಾಕಿ ಬಿಗಿ ಮಾಡುವ ಕಡೆಗೆ ಒತ್ತಿದೆ.

"ಬಿಗಿ ಯಾಕೆ ಮಾಡ್ತಿದೀಯ? ಬಿಚ್ಚೋದಲ್ವಾ?"

ಅಪ್ಪ ನನ್ನನ್ನು ಕೇಳಿದ. ನನ್ನ ಇಪ್ಪತ್ತು ವರ್ಷದಲ್ಲಿ ಅಪ್ಪ ತನಗೆ ಗೊತ್ತಿಲ್ಲದ್ದನ್ನು ನನ್ನಿಂದ ಕೇಳಿದ್ದು ಅದೇ ಮೊದಲು. ಸಿನಿಮಾ ಮಾತು ಒಂದೂ ನೆನಪಿಗೆ ಬರಲಿಲ್ಲ.

"ತುಕ್ಕಿನ ಹಿಡಿತ ಮೊದ್ಲು ಬಿಡ್ಬೇಕು ಬಾಬಾ. ಯಾವ ಕಡೆ ಅಲುಗಿದ್ರೂ ಸರಿ. ಸೀದಾ ಬಿಚ್ಚೋಕೆ ಹೋದ್ರೆ ಸ್ಟಡ್ಡು ಮುರಿಯುತ್ತೆ."

ಹೌದಾ ಎಂದ. ಟಕ್ ಎಂದು ಸದ್ದಾಯಿತು. ಮುರಿದ ಸದ್ದಲ್ಲ, ಹಿಡಿತ ಬಿಟ್ಟ ಸದ್ದು. ಅದು ಬೇರೆ ಥರ ಇರುತ್ತದೆ, ಕೇಳಿದವರಿಗೆ ಗೊತ್ತು. ಕಾಲು ಸುತ್ತು ಬಿಚ್ಚಿದೆ, ಅರ್ಧದಷ್ಟು ವಾಪಸು ಬಿಗಿ ಮಾಡಿದೆ, ಮತ್ತೆ ಬಿಚ್ಚಿದೆ. ಮೊದಲನೆಯದು ಬಂತು. ಎರಡನೆಯದಕ್ಕೆ ಎರಡು ಸಲ ಬೆಂಕಿ ಹಿಡಿಯಬೇಕಾಯಿತು. ಮೂರನೆಯದರ ಮೂಲೆಗಳು ಸವೆದಿದ್ದವು, ಅದಕ್ಕೆ ಚಿಕ್ಕ ಸೈಜಿನ ಬಾಕ್ಸ್ ಸ್ಪ್ಯಾನರನ್ನು ಸುತ್ತಿಗೆಯಿಂದ ಬಡಿದು ಕೂರಿಸಿದೆ. ಮೇಣ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಅಪ್ಪ ಅದನ್ನು ಉಗುರಿನಿಂದ ಎಬ್ಬಿಸಿ ತೆಗೆದ, ಊದಿದ. ನನ್ನ ಕೈಯನ್ನೇ ನೋಡುತ್ತಿದ್ದ. ನಾನು ಎಷ್ಟು ಚೆನ್ನಾಗಿ ಕೆಲಸ ಮಾಡಿದೆನೆಂದರೆ, ಹಾಗೆ ಅದಕ್ಕೆ ಮೊದಲೂ ಮಾಡಿಲ್ಲ, ಈಗಲೂ ಮಾಡುವುದಿಲ್ಲ. ಒಟ್ಟು ನಲವತ್ತು ನಿಮಿಷ.

ಮೂರನೇ ನಟ್ಟು ಕೈಗೆ ಬಿದ್ದಾಗ ಅಪ್ಪ ಅದನ್ನು ಬಟ್ಟೆಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ನಿನ್ ಕೈಗೆ ಸೌಖ್ಯ ಇರ್ಲಿ, ಉಸ್ತಾ," ಎಂದ. ಆಮೇಲೆ, "ರುಯಿಗೆ ಹೇಳ್ತೀನಿ ಇದನ್ನ."

ನನಗೆ ಎಷ್ಟು ಸಂತೋಷವಾಯಿತು ಎಂದರೆ ಸ್ಪ್ಯಾನರ್ ಕೆಳಗಿಡುವುದನ್ನೇ ಮರೆತೆ. ಅವನು ಹೊರಗೆ ತೆವಳಿ ಎದ್ದು ನಿಂತು, ಅಂಗಳದಿಂದಲೇ ಅಮ್ಮನನ್ನು ಕೂಗಿ, ನಟ್ಟು ಬಂತು, ಬೆಳಿಗ್ಗೆ ಹೊರಡ್ತೀನಿ, ಅಂಗಿಗಳನ್ನ ಇಸ್ತ್ರಿ ಮಾಡಿಡು ಎಂದ. ನಾನು ಇನ್ನೂ ಕಾರಿನ ಕೆಳಗೇ ಇದ್ದೆ. ನಾನು ಏನು ಮಾಡಿಕೊಂಡೆ ಎಂದು ನನಗೆ ತಿಳಿದದ್ದು ಆಗ. ಹೊಸ ಪೈಪನ್ನು ಸರಿಯಾಗಿ ಕೂರಿಸದೆ ಬಿಡಬಹುದಿತ್ತು, ಗ್ಯಾಸ್ಕೆಟ್ಟು ಹರಿಯಬಹುದಿತ್ತು, ದಾರಿಗಳು ಇನ್ನೂ ಇದ್ದವು. ಆದರೆ ಅವನು ಉಸ್ತಾ ಎಂದಾಗಿತ್ತು. ಆ ಮಾತಿನ ಮೇಲೆ ಕೆಟ್ಟ ಕೆಲಸ ಮಾಡಲು ಕೈ ಬರಲಿಲ್ಲ. ಸ್ಟಡ್ಡುಗಳನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಗ್ರೀಸು ಹಚ್ಚಿ, ಹೊಸ ನಟ್ಟು ಹಾಕಿ ಒಂದೊಂದನ್ನೂ ಅಳತೆಗೆ ಬಿಗಿ ಮಾಡಿದೆ.

ಗುರುವಾರ ಬೆಳಿಗ್ಗೆ ಆರೂವರೆಗೆ ಅವನು ಹೊರಟ. ಕಲ್ಲಂಗಡಿಯನ್ನು ಅಮ್ಮ ಕೊಯ್ದಿರಲಿಲ್ಲ, ಅದನ್ನು ಹಿಂದಿನ ಸೀಟಿನಲ್ಲಿ ಇಟ್ಟು ಬೆಲ್ಟ್ ಹಾಕಿದಳು. ಅಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲನ್ನು ಎರಡು ಸಲ ತಟ್ಟಿದ. ನಾನು ಗೇಟಿನ ಹತ್ತಿರ ನಿಂತು ಕಾರಿನ ಸದ್ದು ಕೇಳಿಸಿಕೊಳ್ಳೋಣ ಎಂದುಕೊಂಡೆ, ಎಷ್ಟು ದೂರದ ತನಕ ಕೇಳಿಸುತ್ತದೋ ಅಷ್ಟು. ಬೇಕರಿಯ ತಿರುವು ದಾಟುವ ಮೊದಲೇ ಏನೂ ಕೇಳಿಸಲಿಲ್ಲ.

ಮರುವರ್ಷ ಅವನು ವಿಮಾನದಲ್ಲಿ ಬಂದ, ಹನ್ನೆರಡು ದಿನಕ್ಕೆ. ಅಷ್ಟು ದೂರ ಓಡಿಸಲು ಬೆನ್ನು ಒಪ್ಪುತ್ತಿಲ್ಲ ಎಂದ. ಕಾರನ್ನು ಅಲ್ಲೇ ಕೊಟ್ಟುಬಿಟ್ಟನಂತೆ. ಯಾರಿಗೆ ಎಂದು ನಾನು ಕೇಳಲಿಲ್ಲ, ಅವನೇ ಹೇಳಿದ, ರುಯಿಗೆ ಕೊಟ್ಟೆ ಎಂದು.

ನಟ್ಟುಗಳು ಬರಲಿಲ್ಲ ಎಂದು ನಾನು ಗ್ಯಾರೇಜಿನಲ್ಲಿ ಹೇಳುತ್ತೇನೆ. ಬಂದವು. ಬಿಚ್ಚಿದವನು ನಾನೇ. ಅಪ್ಪ ಇನ್ನೊಂದು ವಾರ ಇರಲು ಮನಸ್ಸು ಮಾಡಿಯಾಗಿತ್ತು. ಅವನು ಒಂದೇ ಒಂದು ಸಲ ನನ್ನ ಕೈಯನ್ನು ನೋಡಲಿ ಎಂದು ನಾನು ಬಿಚ್ಚಿಕೊಟ್ಟೆ.